ಕ್ಲಬ್ಬಿಗೆ ಮಂದಿ ಕೂಡಿಸುವವರು

ರೋಟರಿ ಮತ್ತು ಲಯನ್ಸ್ ಕ್ಲಬ್ಬುಗಳ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ. ಹೊಸ ಅಧ್ಯಕ್ಷರ ಪದಗ್ರಹಣ, ಹೊಸ ಸದಸ್ಯರ ಎದೆಗೆ ಪಿನ್ನು, ಚಪ್ಪಾಳೆ, ಊಟ ಎಲ್ಲವೂ ಅದರ ಹಿಂದುಮುಂದಿನ ದಿನಗಳಲ್ಲಿ. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಅದೇ ಹೊತ್ತಿಗೆ ಮುಂಗಾರು ಜೋರು ಹಿಡಿದಿರುತ್ತದೆ. ಹಾನಗಲ್ಲಿನ ಭತ್ತದಲ್ಲಿ ಕಳೆ ಎದ್ದಿರುತ್ತದೆ, ಹಿರೇಕೆರೂರಿನ ಗೋವಿನಜೋಳಕ್ಕೆ ಎಡೆ ಹೊಡೆಯಬೇಕಿರುತ್ತದೆ, ಯೂರಿಯಾಕ್ಕೆಂದು ಗೊಬ್ಬರದ ಅಂಗಡಿ ಮುಂದೆ ಮಂದಿ ಪಾಳಿ ಹಚ್ಚಿರುತ್ತಾರೆ. ರೈತನಿಗೆ ಬಿಡುವಿಲ್ಲ, ರೈತನನ್ನು ನಂಬಿದ ಅಂಗಡಿಕಾರನಿಗೆ ಮೊದಲೇ ಇಲ್ಲ. ಅಂಥ ವಾರದಲ್ಲಿ ಹೋಗಿ ಸದಸ್ಯತ್ವದ ಅರ್ಜಿ ಮುಂದಿಟ್ಟವರಿಗೆ ಸಿಗುವ ಉತ್ತರ ಒಂದೇ: “ನೋಡೂಣ್ರಿ.”

ಈ ಭಾಗದಲ್ಲಿ ಸೇವಾ ಸಂಸ್ಥೆ ಕಟ್ಟಿ ನಡೆಸಿದವರಿಗೆ ಇದು ಚೆನ್ನಾಗಿ ಗೊತ್ತು. ಅವರು ಮುಂದಿನ ಜುಲೈಗೆ ಬೇಕಾದ ಹೆಸರುಗಳನ್ನು ಶೀಗಿ ಹುಣ್ಣಿಮೆಯ ಸುಮಾರಿಗೇ ಮನಸ್ಸಿನಲ್ಲಿ ಬರೆದುಕೊಳ್ಳತೊಡಗುತ್ತಾರೆ. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಜನವರಿ, ಫೆಬ್ರುವರಿಯಲ್ಲಿ ಯಾವುದಾದರೊಂದು ಶಿಬಿರಕ್ಕೆ ಕರೆಯುತ್ತಾರೆ. ಮದುವೆ, ಜಾತ್ರೆಗಳ ದಿನಗಳಲ್ಲಿ ಬಾಯಿ ಬಿಡುವುದಿಲ್ಲ. ಮೇ ಕೊನೆಗೆ, ಬಿತ್ತನೆಯ ಗಡಿಬಿಡಿಗೆ ಮೊದಲು, ಸಹಿ ಹಾಕಿಸಿಕೊಂಡು ಮುಗಿಸುತ್ತಾರೆ. ತರುಣರ ಜೆಸಿಐ ಸಂಸ್ಥೆಯವರಿಗೆ ಈ ತೊಡಕು ಇಲ್ಲ, ಅವರ ವರ್ಷ ಜನವರಿಯಿಂದ. ಹಾವೇರಿ ಜಿಲ್ಲೆಯ ಪಂಚಾಂಗ ನೋಡಿಯೇ ನಿಗದಿ ಮಾಡಿದರೇನೋ ಎನ್ನಿಸುವಷ್ಟು ಅನುಕೂಲ.

ಇಂಥ ಕೆಲಸ ಮಾಡುವವರಿಗೆ ಕ್ಲಬ್ಬಿನ ಕಾಗದಪತ್ರದಲ್ಲಿ ‘ಸದಸ್ಯತ್ವ ಸಮಿತಿ ಅಧ್ಯಕ್ಷರು’ ಎಂಬ ಉದ್ದನೆಯ ಹೆಸರಿದೆ. ಗುಂಪು ಫೋಟೊದಲ್ಲಿ ಅವರು ಹಿಂದಿನ ಸಾಲಿನ ತುದಿಗೆ ನಿಂತಿರುತ್ತಾರೆ. ಪತ್ರಿಕೆಯಲ್ಲಿ ಅಧ್ಯಕ್ಷರ, ಕಾರ್ಯದರ್ಶಿಯ ಹೆಸರು ಅಚ್ಚಾಗುತ್ತದೆ, ದಾನಿಗಳದ್ದು ಇನ್ನೂ ದಪ್ಪಕ್ಷರದಲ್ಲಿ. ಆದರೆ ಹತ್ತು ವರ್ಷ ಕಳೆದ ಮೇಲೂ ಆ ಕ್ಲಬ್ಬು ಉಸಿರಾಡುತ್ತಿದ್ದರೆ ಅದಕ್ಕೆ ಕಾರಣ ಈ ತುದಿಯ ಮನುಷ್ಯ. ಅವರ ಕಸಬು ನೋಡುವವರ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು ಅನ್ನಿಸಿತು.

ಮಂದಿಯನ್ನು ಸೇರಿಸುವುದಕ್ಕಿಂತ ಇಟ್ಟುಕೊಳ್ಳುವುದು ಕಷ್ಟ ಎಂಬ ದೂರು ನಮ್ಮೂರಿನದ್ದಷ್ಟೇ ಅಲ್ಲ, ಈ ಕ್ಲಬ್ಬುಗಳ ಹುಟ್ಟಿನಿಂದಲೇ ಬಂದದ್ದು. 1905ರ ಫೆಬ್ರುವರಿ 23ರ ಸಂಜೆ ಶಿಕಾಗೊ ನಗರದ ಒಂದು ಕಚೇರಿಯಲ್ಲಿ ನಾಲ್ವರು ಸೇರಿದರು. ವಕೀಲ ಪಾಲ್ ಹ್ಯಾರಿಸ್, ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರ್ ಗಸ್ಟಾವಸ್ ಲೋರ್, ದರ್ಜಿ ಹೈರಮ್ ಶೋರಿ. ಹ್ಯಾರಿಸ್ ಸಣ್ಣ ಊರಿನಲ್ಲಿ ಬೆಳೆದು ದೊಡ್ಡ ನಗರದಲ್ಲಿ ಒಂಟಿಯಾಗಿದ್ದವರು. ಊರಿನ ಕಟ್ಟೆಯ ಸ್ನೇಹ ನಗರದಲ್ಲೂ ಬೇಕೆನ್ನಿಸಿತು. ಒಬ್ಬೊಬ್ಬರ ಕಚೇರಿಯಲ್ಲಿ ಸರದಿಯಂತೆ ಸೇರುತ್ತಿದ್ದುದರಿಂದ ರೋಟರಿ ಎಂಬ ಹೆಸರು ಬಂತು. ಇಂದು ಹನ್ನೆರಡು ಲಕ್ಷದಷ್ಟು ಸದಸ್ಯರಿರುವ ಈ ಸಂಸ್ಥೆಯ ಮೊದಲ ನಾಲ್ವರಲ್ಲಿ ಲೋರ್ ಮತ್ತು ಶೋರಿ ಕೆಲವೇ ವರ್ಷಗಳಲ್ಲಿ ಹೊರಗುಳಿದರು! ಸದಸ್ಯರು ಬಿಟ್ಟುಹೋದರೆಂದು ತಲೆ ಮೇಲೆ ಕೈಹೊತ್ತು ಕೂತ ಕಾರ್ಯದರ್ಶಿಗಳು ಈ ಸಂಗತಿ ನೆನಪಿಟ್ಟುಕೊಳ್ಳಬೇಕು.

ಐದನೆಯವರಾಗಿ ಬಂದ ಹ್ಯಾರಿ ರಗಲ್ಸ್ ಮುದ್ರಣಾಲಯ ನಡೆಸುತ್ತಿದ್ದರು. ಸಭೆ ಸಪ್ಪೆಯಾದಾಗ ಅವರು ಎದ್ದುನಿಂತು ಎಲ್ಲರ ಬಾಯಲ್ಲಿ ಹಾಡು ಹಾಡಿಸಿದರಂತೆ. ಮುಂದೆ ರೋಟರಿ ಸಭೆಗಳಲ್ಲಿ ಹಾಡುವುದು ಒಂದು ಪದ್ಧತಿಯೇ ಆಯಿತು. ಹಾಡಿಗೆ ನಮ್ಮಲ್ಲೂ ಬರವಿಲ್ಲ. ಸಂತ ಕವಿ ಷರೀಫರ ಶಿಶುನಾಳ ಇರುವುದು ಶಿಗ್ಗಾಂವಿ ತಾಲ್ಲೂಕಿನಲ್ಲಿ. ಅವರ ತತ್ವಪದ ಹಾಡುವ ಒಬ್ಬರಾದರೂ ಇಲ್ಲದ ಓಣಿ ಆ ಸೀಮೆಯಲ್ಲಿ ಸಿಗುವುದು ಕಷ್ಟ. ಆದರೂ ಎಷ್ಟೋ ಕಡೆ ಸಭೆ ಶುರುವಾಗುವುದು ಯಾರಿಗೂ ಬಾಯಿಪಾಠ ಬಾರದ ಇಂಗ್ಲಿಷ್ ಪ್ರಾರ್ಥನೆಯಿಂದ. ಒಂದು ತತ್ವಪದ, ಒಂದು ತಂಬೂರಿ ಸಾಕು, ಹಿಂದಿನ ಸಾಲಿನವರೂ ಬಾಯಿಬಿಡುತ್ತಾರೆ.

ಈಗ ಕಸಬಿನ ಒಳಗೆ ಹೋಗೋಣ. ಮೊದಲನೆಯದು ನೋಡುವುದು. ಒಳ್ಳೆಯ ಸದಸ್ಯರನ್ನು ತರುವವರು ಯಾರ ಹತ್ತಿರ ಹಣವಿದೆ ಎಂದು ನೋಡುವುದಿಲ್ಲ, ಯಾರು ಹೇಳದೆ ಕೆಲಸಕ್ಕೆ ಕೈ ಹಾಕುತ್ತಾರೆ ಎಂದು ನೋಡುತ್ತಾರೆ. ಜಾತ್ರೆಯ ದಿನ ಪ್ರಸಾದದ ಪಂಕ್ತಿಯಲ್ಲಿ ಬಡಿಸಲು ನಿಂತವರು ಯಾರು? ಅಪಘಾತವಾದಾಗ ಗಾಯಾಳುವನ್ನು ತನ್ನ ಗಾಡಿಯಲ್ಲಿ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ‌ಗೆ ಒಯ್ದ ಗ್ಯಾರೇಜಿನವನು ಯಾರು? ಸರ್ಕಾರಿ ಶಾಲೆಯ ಹುಡುಗರಿಗೆ ಪಟ್ಟಿಪುಸ್ತಕ ಕೊಡುವಾಗ ಹೆಸರು ಹಾಕಿಸಬೇಡಿ ಅಂದ ಕಿರಾಣಿ ಅಂಗಡಿಯವರು ಯಾರು? 2019ರ ಆಗಸ್ಟ್‌ನಲ್ಲಿ ನೆರೆ ಬಂದಾಗ ರೊಟ್ಟಿ ಕಟ್ಟಿಸಿ ಕಳಿಸಿದ ಹೆಣ್ಣುಮಕ್ಕಳು ಯಾರ ಮನೆಯವರು? ಈ ಹೆಸರುಗಳೇ ನಿಜವಾದ ಪಟ್ಟಿ. ಇವರಾರೂ ಕ್ಲಬ್ಬು ಸೇರಬೇಕೆಂದು ಕಾದು ಕೂತವರಲ್ಲ. ಇವರಿಗೆ ಸೇವೆ ಕಲಿಸಬೇಕಾಗಿಲ್ಲ, ಜೊತೆ ಕೊಟ್ಟರೆ ಸಾಕು.

ಎರಡನೆಯದು ಕರೆಯುವುದು. ಅನುಭವಸ್ಥರು ಮೊದಲ ಸಲ ಹೋದಾಗ ‘ಸದಸ್ಯ’ ಎಂಬ ಮಾತನ್ನೇ ಎತ್ತುವುದಿಲ್ಲ. ಅವರ ಮಾತು ಹೀಗಿರುತ್ತದೆ: “ಮಾಸ್ತರ, ಬರೂ ಐತವಾರ ಕಣ್ಣಿನ ಶಿಬಿರ ಐತ್ರಿ. ಹೆಸರು ಬರಕೊಳ್ಳಾಕ ಒಬ್ರು ಬೇಕಾಗ್ಯಾರ. ನಿಮ್ಮ ಅಕ್ಷರ ಚಂದ ಅದಾವು, ಎರಡು ತಾಸು ಬರ್ತೀರೇನ್ರಿ?” ಈ ನಾಲ್ಕು ಮಾತಿನಲ್ಲಿ ಎಷ್ಟು ಜಾಣತನ ಅಡಗಿದೆ ನೋಡಿ. ಕೆಲಸ ಯಾವುದು ಎಂದು ಹೇಳಿದ್ದಾರೆ. ಹೊತ್ತು ಎಷ್ಟು ಎಂದು ಹೇಳಿದ್ದಾರೆ. ಅವರೇ ಏಕೆ ಬೇಕು ಎಂಬುದನ್ನೂ ಹೇಳಿದ್ದಾರೆ. ಒಲ್ಲೆ ಅನ್ನುವವರಿಗೆ ಹೊರದಾರಿಯೂ ಇದೆ, ಮುಖ ಕೆಡುವುದಿಲ್ಲ. ಅದೇ “ನಮ್ಮ ಕ್ಲಬ್ಬಿಗೆ ನಿಮ್ಮಂಥ ಗಣ್ಯರು ಬೇಕ್ರಿ” ಎಂದು ಶುರುಮಾಡಿದರೆ ಮಾಸ್ತರರು ಆಗಲೇ ಸಂಬಳದ ಲೆಕ್ಕ ಹಾಕುತ್ತಿರುತ್ತಾರೆ.

ಶಿಬಿರದ ದಿನ ಮಾಸ್ತರರು ಬಂದು ಕೂರುತ್ತಾರೆ. ಹಳ್ಳಿಯಿಂದ ಟ್ರ್ಯಾಕ್ಸಿನಲ್ಲಿ ಬಂದ ಮುದುಕಿಯ ಹೆಸರು, ಊರು, ಯಾವ ಕಣ್ಣು ಎಂದು ಬರೆಯುತ್ತಾರೆ. ಎರಡು ತಾಸು ಐದು ತಾಸಾಗುತ್ತದೆ. ಆ ಮುದುಕಿಗೆ ಶಸ್ತ್ರಚಿಕಿತ್ಸೆಯಾಗಿ, ಪಟ್ಟಿ ಬಿಚ್ಚುವ ದಿನವೂ ಅವರನ್ನು ಕರೆದುಕೊಂಡು ಹೋಗುವುದು ಜಾಣ ಸಂಘಟಕರ ಗುಟ್ಟು. ಬಹಳಷ್ಟು ಕ್ಲಬ್ಬುಗಳು ಇಲ್ಲೇ ಎಡವುತ್ತವೆ. ಹೆಸರು ಬರೆದವರಿಗೆ ಶಾಲು ಹೊದಿಸಿ ಕಳಿಸಿಬಿಡುತ್ತಾರೆ, ಕಣ್ಣು ಬಂದದ್ದನ್ನು ತೋರಿಸುವುದಿಲ್ಲ. ಮಾಡಿದ ಕೆಲಸದ ಫಲ ಕಣ್ಣಾರೆ ಕಂಡವರು ಮುಂದಿನ ಶಿಬಿರ ಯಾವಾಗ ಎಂದು ತಾವೇ ಕೇಳುತ್ತಾರೆ. 1925ರಲ್ಲಿ ಹೆಲೆನ್ ಕೆಲರ್ ಲಯನ್ಸ್ ಸಮ್ಮೇಳನಕ್ಕೆ ಬಂದು, ಕುರುಡರ ಪರ ನಿಲ್ಲಿರಿ ಎಂದು ಕೇಳಿಕೊಂಡರು. ಕಣ್ಣಿನ ಕೆಲಸ ಆ ಸಂಸ್ಥೆಗೆ ಅಂಟಿಕೊಂಡದ್ದು ಅಲ್ಲಿಂದ. ಮೆಲ್ವಿನ್ ಜೋನ್ಸ್ ಎಂಬ ವಿಮೆ ವ್ಯವಹಾರದವರು 1917ರಲ್ಲಿ ಕಟ್ಟಿದ ಈ ಲಯನ್ಸ್ ಕ್ಲಬ್ಬುಗಳ ಕೂಟಕ್ಕೆ ಕೆಲರ್ ಒಂದು ಕೆಲಸ ಕೊಟ್ಟರು, ಕೆಲಸ ಸಿಕ್ಕ ಮೇಲೆ ಮಂದಿ ತಾವಾಗಿ ಸೇರಿದರು.

ಈ ನೋಡುವ, ಕರೆಯುವ ಕಲೆಗೆ ಹಾನಗಲ್ ಸೀಮೆಯಲ್ಲಿ ದೊಡ್ಡ ಮೇಲ್ಪಂಕ್ತಿಯೊಂದಿದೆ. ಕ್ಲಬ್ಬಿನದಲ್ಲ, ಮಠದ್ದು. ಹಾನಗಲ್ಲಿನ ಕುಮಾರ ಸ್ವಾಮಿಗಳು 1904ರಲ್ಲಿ ವೀರಶೈವ ಮಹಾಸಭೆ ಕಟ್ಟಿದವರು, 1909ರಲ್ಲಿ ಬಾದಾಮಿ ಸಮೀಪ ಶಿವಯೋಗಮಂದಿರ ಸ್ಥಾಪಿಸಿದವರು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಇಬ್ಬರು ಅಂಧ ಅಣ್ಣತಮ್ಮಂದಿರು ಹಾಡುವುದನ್ನು ಕೇಳಿ ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು, ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಅವರಲ್ಲಿ ಕಿರಿಯರು ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಅವರಿಂದ ಬಂತು. ಅವರ ಕೈಗೆ ಸಿಕ್ಕ ಇನ್ನೊಬ್ಬ ಅಂಧ ಬಾಲಕ ಇದೇ ತಾಲ್ಲೂಕಿನ ದೇವರ ಹೊಸಪೇಟೆಯವರು, 1914ರಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿಗಳು. 2010ರಲ್ಲಿ ಪದ್ಮಭೂಷಣ ಪಡೆದವರು. ಕಣ್ಣಿಲ್ಲದ ಹುಡುಗರೆಂದು ಕನಿಕರದ ಪಟ್ಟಿಗೆ ಸೇರಿಸಬಹುದಾಗಿದ್ದ ಆ ಅಣ್ಣತಮ್ಮಂದಿರನ್ನು ಕುಮಾರ ಸ್ವಾಮಿಗಳು ಅವರ ಕಂಠಕ್ಕಾಗಿ ಆರಿಸಿದರು. ಆರಿಸಿದ ಮೇಲೆ ಕೈಬಿಡಲೂ ಇಲ್ಲ, ಗುರುಗಳನ್ನು ಹುಡುಕಿಕೊಟ್ಟರು. ಒಬ್ಬರನ್ನು ಹೀಗೆ ಸರಿಯಾಗಿ ಆರಿಸಿದರೆ ಅವರು ಇನ್ನೊಬ್ಬರನ್ನು ತಾವೇ ಆರಿಸುತ್ತಾರೆ. ಸದಸ್ಯತ್ವ ಸಮಿತಿಯವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ಮೂರನೆಯದು ಮನೆ. ಈ ಕಡೆ ಯಾವ ಗಂಡಸನ್ನು ಕೇಳಿದರೂ ಕೊನೆಗೆ “ಮನ್ಯಾಗ ಕೇಳಿ ಹೇಳ್ತೀನ್ರಿ” ಎನ್ನುತ್ತಾರೆ. ಅದನ್ನು ನೆಪ ಎಂದುಕೊಳ್ಳಬಾರದು, ಅದು ನಿಜ. ರಾತ್ರಿ ಎಂಟಕ್ಕೆ ಅಂಗಡಿ ಮುಚ್ಚಿ ಬರುವವರು ಸಭೆಯಿದ್ದ ದಿನ ಹತ್ತೂವರೆಗೆ ಬಂದರೆ ಅನ್ನ ಆರುವುದು ಯಾರ ಮನೆಯಲ್ಲಿ? ಅದಕ್ಕೇ ಬಲ್ಲವರು ಅರ್ಜಿ ಕೊಡುವ ಮುಂಚೆ ಮನೆಗೇ ಹೋಗಿ, ಚಹಾ ಕುಡಿದು, ಮನೆಯೊಡತಿಯ ಎದುರಿಗೇ ತಿಂಗಳಿಗೆ ಎಷ್ಟು ಸಭೆ, ವರ್ಷಕ್ಕೆ ಎಷ್ಟು ಖರ್ಚು ಎಂದು ಹೇಳುತ್ತಾರೆ. “ಅಕ್ಕಾರ, ಕ್ಲಬ್ಬಂದ್ರ ಇಸ್ಪೀಟ್ ಆಡೂದಲ್ರಿ” ಎಂದು ಮೊದಲೇ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಕ್ಲಬ್ಬು ಎಂದರೆ ಮನೆಯವರ ಕಣ್ಣಿಗೆ ಕಟ್ಟುವುದು ಅದೇ ಚಿತ್ರ.

ಮನೆಯವರು ಒಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹುಬ್ಬಳ್ಳಿಯ ಸ್ವಾತಂತ್ರ್ಯ ಹೋರಾಟಗಾರ್ತಿ ಉಮಾಬಾಯಿ ಕುಂದಾಪುರ ಸಾಕ್ಷಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಅವರನ್ನು ಮಾವ ಆನಂದರಾಯರು ಮನೆಯೊಳಗೆ ಕೂರಿಸಲಿಲ್ಲ, ಸಾರ್ವಜನಿಕ ಕೆಲಸಕ್ಕೆ ಬೆನ್ನು ತಟ್ಟಿದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಉಮಾಬಾಯಿ ಊರೂರು ತಿರುಗಿ 150ರಷ್ಟು ಮಹಿಳಾ ಸ್ವಯಂಸೇವಕರನ್ನು ಕೂಡಿಸಿದರು. ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು, ಅದರಲ್ಲೂ ವಿಧವೆಯರನ್ನು, ಮನೆಯ ಹೊಸ್ತಿಲು ದಾಟಿಸಿ ಅಧಿವೇಶನದ ಕೆಲಸಕ್ಕೆ ತರಬೇಕಾದರೆ ಎಷ್ಟು ಅತ್ತೆ ಮಾವಂದಿರ ಜೊತೆ ಕೂತು ಮಾತಾಡಿರಬೇಕು! ತಾನೇ ಆ ಸ್ಥಿತಿಯನ್ನು ಬಾಳಿದವಳು ಬಂದು ಕರೆದಳೆಂಬುದು ಆ ಮನೆಗಳಲ್ಲಿ ತೂಕಕ್ಕೆ ಬಂದಿರಲೇಬೇಕು. ಇಂದಿಗೂ ಹಾಗೆಯೇ. ಮಾಸ್ತರರನ್ನು ಮಾಸ್ತರರೇ ಕರೆಯಬೇಕು, ಗೊಬ್ಬರದ ಅಂಗಡಿಯವರನ್ನು ಗೊಬ್ಬರದ ಅಂಗಡಿಯವರೇ.

ಉಮಾಬಾಯಿಯವರ ಜೊತೆಗಿದ್ದ ಡಾ. ನಾ.ಸು. ಹರ್ಡೀಕರರ ಕಥೆ ಉಳಿಸಿಕೊಳ್ಳುವುದಕ್ಕೆ ಸಂಬಂಧಿಸಿದ್ದು. ಅಮೆರಿಕದಲ್ಲಿ ಓದಿ ಬಂದ ಈ ವೈದ್ಯರು ಹುಬ್ಬಳ್ಳಿಯಲ್ಲಿ ತರುಣರ ಸೇವಾ ಮಂಡಳ ಕಟ್ಟಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಸೇರಿದ ಎಷ್ಟೋ ಮಂದಿ ಕಷ್ಟ ತಾಳದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರೆ, ಹುಬ್ಬಳ್ಳಿಯ ತುಕಡಿ ಬರೆದುಕೊಡಲಿಲ್ಲ. ನಾಯಕರ ಕಣ್ಣಿಗೆ ಬಿದ್ದದ್ದು ಇದೇ. ಅದೇ ವರ್ಷದ ಕಾಕಿನಾಡ ಅಧಿವೇಶನದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು, ಜವಾಹರಲಾಲ್ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಆ ಹುಡುಗರು ಗಟ್ಟಿ ನಿಂತದ್ದು ಭಾಷಣ ಕೇಳಿ ಅಲ್ಲ ಎಂಬುದು ನನ್ನ ಎಣಿಕೆ. ಒಟ್ಟಿಗೆ ಕವಾಯತು ಮಾಡಿದವರು, ಒಟ್ಟಿಗೆ ಉಂಡವರು, ಒಬ್ಬರ ಮುಖ ಒಬ್ಬರಿಗೆ ಗೊತ್ತಿದ್ದವರು. ಪಕ್ಕದಲ್ಲಿ ನಿಂತವನ ಎದುರು ತಲೆ ತಗ್ಗಿಸಬಾರದು ಎಂಬ ಹಟ ಯಾವ ಪ್ರತಿಜ್ಞೆಗಿಂತಲೂ ಬಲವಾದದ್ದು.

ಇನ್ನು ದುಡ್ಡಿನ ಮಾತು. ಕ್ಲಬ್ಬು ಬಿಡುವವರು ಹೇಳುವ ಕಾರಣ ‘ಟೈಮಿಲ್ಲ’. ಹೇಳದ ಕಾರಣ ಹಣ. ವಾರ್ಷಿಕ ವಂತಿಗೆಯನ್ನು ಹೇಗೋ ಹೊಂದಿಸುತ್ತಾರೆ. ಆಮೇಲೆ ಬರುವ ಊಟದ ಪಾಲು, ಕಾರ್ಯಕ್ರಮದ ಪಟ್ಟಿ, ಜಿಲ್ಲಾ ಸಮ್ಮೇಳನದ ನೋಂದಣಿ, ಕೋಟು, ಹಾರ ತುರಾಯಿ ಇವು ಸಣ್ಣ ಅಂಗಡಿಯವರನ್ನು ಹಣ್ಣು ಮಾಡುತ್ತವೆ. ನನಗೆ ಮೆಚ್ಚುಗೆಯಾದ ಕ್ಲಬ್ಬುಗಳಲ್ಲಿ ಮೂರು ನಿಯಮ ಕಂಡಿದ್ದೇನೆ: ವರ್ಷದ ಒಟ್ಟು ಖರ್ಚನ್ನು ಸಹಿಗೆ ಮೊದಲೇ ಹೇಳುವುದು, ಕಂತಿನಲ್ಲಿ ತೆಗೆದುಕೊಳ್ಳುವುದು, ಸಭೆಯ ಊಟವನ್ನು ಚಹಾ ಮಂಡಕ್ಕಿಗೆ ಇಳಿಸುವುದು. ಸವಣೂರಿನಲ್ಲಿ ಖಾರಕ್ಕೇನು ಬರ? ಒಂದು ಪೊಟ್ಟಣ ಸವಣೂರು ಖಾರ, ಮಂಡಕ್ಕಿ, ಉಳ್ಳಾಗಡ್ಡಿ ಇದ್ದರೆ ಇಪ್ಪತ್ತು ಮಂದಿಯ ಸಭೆ ನಡೆಯುತ್ತದೆ, ಯಾರ ಮುಖವೂ ಸಣ್ಣದಾಗುವುದಿಲ್ಲ. ಲೆಕ್ಕವನ್ನು ಪ್ರತಿ ತಿಂಗಳು ಓದಿ ಹೇಳುವುದು ನಾಲ್ಕನೆಯ ನಿಯಮ. ಅದನ್ನು ಎಲ್ಲರೂ ಹೇಳುತ್ತಾರೆ, ಮಾಡುವವರು ಕಡಿಮೆ.

ಹಣದಷ್ಟೇ ಮಂದಿಯನ್ನು ದೂರ ಇಡುವುದು ಇಂಗ್ಲಿಷು. ಅರ್ಜಿ ಇಂಗ್ಲಿಷಿನಲ್ಲಿ, ಪ್ರಮಾಣವಚನ ಇಂಗ್ಲಿಷಿನಲ್ಲಿ, ವರದಿ ಇಂಗ್ಲಿಷಿನಲ್ಲಿ. ಊರಿಗೆಲ್ಲ ಬೀಜ ಕೊಡುವ, ಸಾವಿರ ರೈತರ ಸಾಲದ ಲೆಕ್ಕ ತಲೆಯಲ್ಲೇ ಇಟ್ಟುಕೊಂಡ ವ್ಯಾಪಾರಿ ಇಲ್ಲಿ ಬಂದು ಮೂಕರಾಗುತ್ತಾರೆ. ಜಿಲ್ಲಾ ಕಚೇರಿಗೆ ಹೋಗುವ ವರದಿಯನ್ನು ಯಾರಾದರೂ ಇಂಗ್ಲಿಷಿನಲ್ಲಿ ತುಂಬಲಿ, ಸಭೆ ಮಾತ್ರ ಊರಿನ ಮಾತಿನಲ್ಲೇ ನಡೆಯಲಿ. ಇದರಲ್ಲಿ ಚರ್ಚೆಗೆ ಆಸ್ಪದವೇ ಇಲ್ಲ.

ರೋಟರಿಯ ಹಳೆಯ ನಿಯಮವೊಂದು ನಮ್ಮ ಊರುಗಳಿಗೆ ಹೇಳಿ ಮಾಡಿಸಿದಂತಿದೆ. ಒಂದೊಂದು ಕಸುಬಿನಿಂದ ಒಬ್ಬೊಬ್ಬರನ್ನು ತೆಗೆದುಕೊಳ್ಳಬೇಕು ಎಂಬುದು. ಶಿಕಾಗೊದಲ್ಲಿ ಅದು ವ್ಯಾಪಾರದ ಪೈಪೋಟಿ ಒಳಗೆ ಬಾರದಿರಲೆಂದು ಹುಟ್ಟಿತು. ಇಲ್ಲಿ ಅದನ್ನು ನಿಷ್ಠೆಯಿಂದ ಪಾಲಿಸಿದರೆ ಬೇರೆಯದೇ ಲಾಭ: ಕ್ಲಬ್ಬು ಒಂದೇ ಜಾತಿಯ, ಒಂದೇ ಓಣಿಯ, ಒಂದೇ ಪಕ್ಷದ ಕೂಟವಾಗುವುದು ತಪ್ಪುತ್ತದೆ. ಸವಣೂರು ನವಾಬರು ಆಳಿದ ಊರು, ಸತ್ಯಬೋಧ ತೀರ್ಥರ ವೃಂದಾವನ ಇರುವ ಊರು, ವಿ.ಕೃ. ಗೋಕಾಕರು ಹುಟ್ಟಿದ ಊರು. ಅಲ್ಲಿ ವೀಳ್ಯದೆಲೆ ವ್ಯಾಪಾರಿ, ಹಲ್ಲಿನ ಡಾಕ್ಟರು, ಟೈಲರು, ಕಾಲೇಜಿನ ಉಪನ್ಯಾಸಕಿ, ವೆಲ್ಡಿಂಗ್ ಅಂಗಡಿಯವರು, ಎಲೆತೋಟದ ಮಾಲೀಕರು ಎಂದು ಕಸುಬಿನ ಪಟ್ಟಿ ಮಾಡುತ್ತ ಹೋದರೆ ಊರಿನ ಎಲ್ಲ ಓಣಿಗಳೂ ತಾವಾಗಿ ಒಳಗೆ ಬಂದಿರುತ್ತವೆ. ಯಾರ ಜಾತಿಯನ್ನೂ ಬಾಯಿಬಿಟ್ಟು ಕೇಳಬೇಕಾಗಿಲ್ಲ.

ಪಕ್ಷದ ಗಾಳಿ ಮಾತ್ರ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಈ ನಾಲ್ಕೂ ತಾಲ್ಲೂಕುಗಳ ಮಂದಿ ಐದು ವರ್ಷದ ಅವಧಿಯಲ್ಲಿ ಒಂದೊಂದು ಉಪಚುನಾವಣೆ ಕಂಡಿದ್ದಾರೆ. 2019ರ ಡಿಸೆಂಬರ್‌ನಲ್ಲಿ ಹಿರೇಕೆರೂರು, 2021ರ ಅಕ್ಟೋಬರ್‌ನಲ್ಲಿ ಹಾನಗಲ್, 2024ರ ನವೆಂಬರ್‌ನಲ್ಲಿ ಸವಣೂರನ್ನೂ ಒಳಗೊಂಡ ಶಿಗ್ಗಾಂವಿ ಕ್ಷೇತ್ರ. ಉಪಚುನಾವಣೆ ಎಂದರೆ ರಾಜ್ಯದ ಮಂತ್ರಿಮಂಡಲವೇ ಬಂದು ಊರಲ್ಲಿ ಬೀಡುಬಿಡುವ ಕಾಲ. ಚಹಾದಂಗಡಿಯ ಬೆಂಚುಗಳೂ ಇಬ್ಭಾಗವಾಗುತ್ತವೆ. ಅಂಥ ಹೊತ್ತಿನಲ್ಲಿ ಬಲ್ಲ ಸಂಘಟಕರು ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ, ಸನ್ಮಾನ ಇಟ್ಟುಕೊಳ್ಳುವುದಿಲ್ಲ, ವೇದಿಕೆಯನ್ನೇ ಹಾಕುವುದಿಲ್ಲ. ರಕ್ತದಾನದಂಥ ಮಾತಿಲ್ಲದ ಕೆಲಸ ಒಂದನ್ನಿಟ್ಟು ಎರಡೂ ಕಡೆಯವರನ್ನು ಅಕ್ಕಪಕ್ಕದ ಮಂಚದಲ್ಲಿ ಮಲಗಿಸುತ್ತಾರೆ. ಫಲಿತಾಂಶ ಬಂದು ಹದಿನೈದು ದಿನ ಕಳೆದ ಮೇಲೆ ಸಭೆ ಕರೆಯುತ್ತಾರೆ.

ಈಗ ಉಳಿಸಿಕೊಳ್ಳುವ ಬಗೆ. ಹೊಸದಾಗಿ ಬಂದವರು ಇರುತ್ತಾರೋ ಹೋಗುತ್ತಾರೋ ಎಂಬುದು ಮೊದಲ ಮೂರ್ನಾಲ್ಕು ಸಭೆಗಳಲ್ಲೇ ನಿರ್ಧಾರವಾಗುತ್ತದೆ. ಅವರು ಬಾಗಿಲಲ್ಲಿ ನಿಂತಾಗ ಹಳಬರು ತಮ್ಮ ತಮ್ಮಲ್ಲೇ ನಗುತ್ತ ಕೂತಿದ್ದರೆ, ಅವರು ಮೂಲೆಯ ಕುರ್ಚಿ ಹುಡುಕಿಕೊಳ್ಳುತ್ತಾರೆ. ಮೂರು ಸಲ ಮೂಲೆಯಲ್ಲಿ ಕೂತವರು ನಾಲ್ಕನೆಯ ಸಲ ಬರುವುದಿಲ್ಲ. ಅದಕ್ಕೆ ಕಸಬುದಾರರು ಹೊಸಬರ ಪಕ್ಕ ಕೂರಲು ಒಬ್ಬರನ್ನು ನೇಮಿಸಿರುತ್ತಾರೆ, ಬರುವಾಗ ಗಾಡಿಯಲ್ಲಿ ಕೂರಿಸಿಕೊಂಡು ಬರುವವರೂ ಅವರೇ. ಎರಡನೆಯ ಸಭೆಗೇ ಒಂದು ಕೆಲಸ ಕೊಡುತ್ತಾರೆ. ಸಣ್ಣದು, ಆದರೆ ಅವರು ಮಾಡದಿದ್ದರೆ ನಿಂತುಹೋಗುವಂಥದ್ದು: ಶಿಬಿರದ ಔಷಧಿ ತರುವುದು, ಶಾಲೆಯ ಹೆಡ್‌ಮಾಸ್ತರರ ಒಪ್ಪಿಗೆ ಪಡೆಯುವುದು, ಸಸಿಗಳಿಗೆ ಅರಣ್ಯ ಇಲಾಖೆಯ ನರ್ಸರಿಗೆ ಹೋಗಿಬರುವುದು. ಉತ್ಸಾಹ ಕಂಡು ಮರುವರ್ಷವೇ ಅಧ್ಯಕ್ಷರನ್ನಾಗಿ ಮಾಡುವುದು ದೊಡ್ಡ ತಪ್ಪು. ಹಾಗೆ ಏರಿದವರು ವರ್ಷ ಮುಗಿದೊಡನೆ ಖರ್ಚಿನ ಪಟ್ಟಿ ಹಿಡಿದು ಇಳಿಯುತ್ತಾರೆ, ಮತ್ತೆ ಬರುವುದಿಲ್ಲ.

ಹೀಗೆ ಪ್ರತಿಯೊಬ್ಬರಿಗೂ ಒಂದು ಪಾತ್ರ ಕೊಡುವುದರ ಬಲ ನೋಡಬೇಕೆಂದರೆ ಹಾನಗಲ್ ತಾಲ್ಲೂಕಿನ ಶೇಷಗಿರಿಗೆ ಹೋಗಬೇಕು. ಸಣ್ಣ ಹಳ್ಳಿ. ಅಲ್ಲಿನ ಗಜಾನನ ಯುವಕ ಮಂಡಳ ನಾಟಕದಿಂದ ಹೆಸರು ಮಾಡಿದೆ. ಹಗಲು ಹೊಲದಲ್ಲಿ ದುಡಿಯುವವರು ರಾತ್ರಿ ರಂಗದ ಮೇಲೆ ಇರುತ್ತಾರೆ, ಊರಲ್ಲಿ ತಮ್ಮದೇ ರಂಗಮಂದಿರವಿದೆ. ನಮ್ಮ ಹಳ್ಳಿಗಳಲ್ಲಿ ಯುವಕ ಮಂಡಳಗಳಿಗೆ ಲೆಕ್ಕವಿಲ್ಲ. ಬಹಳಷ್ಟು ಗಣಪತಿ ಹಬ್ಬಕ್ಕೆ ಎದ್ದು, ವಿಸರ್ಜನೆಯ ಜೊತೆಗೇ ಮುಳುಗುತ್ತವೆ. ಶೇಷಗಿರಿಯದು ಉಳಿದದ್ದಕ್ಕೆ ಕಾರಣ ಅದರ ಕೆಲಸದಲ್ಲೇ ಇದೆ ಅನ್ನಿಸುತ್ತದೆ. ಸಭೆಗೆ ಒಬ್ಬ ಬಾರದಿದ್ದರೆ ಕುರ್ಚಿ ಖಾಲಿ, ಅಷ್ಟೇ. ನಾಟಕದ ತಾಲೀಮಿಗೆ ಒಬ್ಬ ಬಾರದಿದ್ದರೆ ದೃಶ್ಯವೇ ನಿಲ್ಲುತ್ತದೆ, ಅವನ ಮನೆಗೆ ಆಳು ಓಡುತ್ತದೆ.

ಆ ಓಡುವ ಆಳೇ ಕ್ಲಬ್ಬುಗಳಲ್ಲಿ ಇಲ್ಲದಿರುವುದು. ಎರಡು ಸಭೆಗೆ ಬಾರದವರಿಗೆ ವಾಟ್ಸಾಪಿನಲ್ಲಿ ‘ದಯವಿಟ್ಟು ಹಾಜರಾಗಿ’ ಎಂಬ ಸಂದೇಶ ಹೋಗುತ್ತದೆ. ಮೂರಕ್ಕೆ ನೋಟಿಸು. ಬಲ್ಲವರು ಮೊದಲ ಸಲಕ್ಕೇ ಅವರ ಅಂಗಡಿಗೆ ಹೋಗುತ್ತಾರೆ, ಸಭೆಯ ಮಾತೆತ್ತದೆ ಒಂದು ಗಳಿಗೆ ಕೂರುತ್ತಾರೆ. ಮಗಳ ಮದುವೆಯ ಚಿಂತೆಯೋ, ಅಡಕೆಯ ದರ ಬಿದ್ದದ್ದೋ, ಹಿಂದಿನ ಸಭೆಯಲ್ಲಿ ಯಾರೋ ಆಡಿದ ಮಾತು ಚುಚ್ಚಿದ್ದೋ, ಅಲ್ಲಿ ಹೊರಬರುತ್ತದೆ. ಬಹಳಷ್ಟು ಸಲ ಕೊನೆಯದೇ ಕಾರಣ. ಹೋಗಿ ಕೇಳಿದರೆ ಅರ್ಧ ಗಾಯ ಅಲ್ಲೇ ಮಾಯುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಕ್ಲಬ್ಬುಗಳ ದಾಖಲೆ ಹೆಮ್ಮೆ ಪಡುವಂಥದ್ದಲ್ಲ. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬಲ್ಲಿನ ರೋಟರಿ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡದ್ದಕ್ಕೆ ಅದನ್ನೇ ಸಂಸ್ಥೆಯಿಂದ ಹೊರಹಾಕಿದರು. ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಗಿ 1987ರಲ್ಲಿ ಮಹಿಳೆಯರ ಪರ ತೀರ್ಪು ಬಂತು, 1989ರಲ್ಲಿ ರೋಟರಿ ತನ್ನ ನಿಯಮವನ್ನೇ ತಿದ್ದಿತು. ನಿಯಮ ಬದಲಾದರೂ ನಮ್ಮ ತಾಲ್ಲೂಕು ಊರುಗಳಲ್ಲಿ ಮಹಿಳೆಯರನ್ನು ಸ್ವಾಗತಗೀತೆಗೆ, ಆರತಿಗೆ ಕರೆಯುವುದೇ ಹೆಚ್ಚು. ಅದೇ ಊರಿನ ಓಣಿಓಣಿಗಳಲ್ಲಿ ಸ್ತ್ರೀಶಕ್ತಿ ಸಂಘಗಳಿವೆ. 2000-01ರಲ್ಲಿ ಸರ್ಕಾರ ಆರಂಭಿಸಿದ ಆ ಯೋಜನೆಯ ಗುಂಪುಗಳಲ್ಲಿ ಹತ್ತರಿಂದ ಇಪ್ಪತ್ತು ಹೆಣ್ಣುಮಕ್ಕಳು ವಾರಕ್ಕೊಮ್ಮೆ ಸೇರಿ, ಉಳಿತಾಯ ಕಟ್ಟಿ, ಸಾಲ ಕೊಟ್ಟು, ವಸೂಲಿಯನ್ನೂ ಮಾಡುತ್ತಾರೆ. ಹಾಜರಿ, ಲೆಕ್ಕ, ತಡವಾಗಿ ಬಂದವರಿಗೆ ದಂಡ ಎಲ್ಲವೂ ಪುಸ್ತಕದಲ್ಲಿ. ಸದಸ್ಯರನ್ನು ಉಳಿಸಿಕೊಳ್ಳುವುದು ಹೇಗೆಂದು ತರಬೇತಿ ಪಡೆಯಲು ಗೋವಾದ ರೆಸಾರ್ಟಿಗೆ ಹೋಗುವ ಪದಾಧಿಕಾರಿಗಳು ಒಂದು ಸಂಜೆ ಈ ಸಂಘದ ಸಭೆಯಲ್ಲಿ ಹಿಂದೆ ಕೂತು ನೋಡಿದರೆ ಸಾಕಿತ್ತು. ಆ ಪುಸ್ತಕ ಬರೆಯುವ ಹೆಣ್ಣುಮಗಳನ್ನು ಖಜಾಂಚಿ ಮಾಡಿದರೆ ಇನ್ನೂ ಒಳ್ಳೆಯದು.

ತರುಣರದು ಬೇರೆ ಸಮಸ್ಯೆ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಕಾಲೇಜು ಹುಡುಗರು ಎರಡು ವರ್ಷಕ್ಕೆ 240 ತಾಸು ಸೇವೆ ಮಾಡುತ್ತಾರೆ, ಹಳ್ಳಿಯಲ್ಲಿ ಏಳು ದಿನದ ಶಿಬಿರದಲ್ಲಿ ಇರುತ್ತಾರೆ. ಸಲಿಕೆ ಹಿಡಿದ ಈ ಹುಡುಗರು ಪದವಿ ಮುಗಿದೊಡನೆ ಹುಬ್ಬಳ್ಳಿ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅವರನ್ನು ತಡೆಯಲಾಗದು, ತಡೆಯಬಾರದು. ಊರಲ್ಲೇ ಉಳಿದವರನ್ನು ಜೆಸಿಐ ನಲವತ್ತು ವರ್ಷದವರೆಗೆ ಇಟ್ಟುಕೊಳ್ಳುತ್ತದೆ, ಆಮೇಲೆ ವಯಸ್ಸಿನ ನಿಯಮ ಹೊರಗೆ ಕಳಿಸುತ್ತದೆ. ಸಭೆ ನಡೆಸುವುದು, ಮಾತಾಡುವುದು, ಲೆಕ್ಕ ಇಡುವುದು ಎಲ್ಲ ಕಲಿತು ನಲವತ್ತಕ್ಕೆ ಖಾಲಿ ಕೂತ ಈ ಮಂದಿಯನ್ನು ಹಿರಿಯ ಕ್ಲಬ್ಬುಗಳು ಹೋಗಿ ಕೈಹಿಡಿದು ತರಬೇಕು. ಯಾಕೋ ಪಕ್ಕದ ಸಂಸ್ಥೆಯವರೆಂಬ ಸಣ್ಣ ಮತ್ಸರ ಅಡ್ಡ ಬರುತ್ತದೆ.

ಹೊರಡುವವರನ್ನು ಕಳಿಸಿಕೊಡುವುದೂ ಈ ಕಲೆಯ ಭಾಗವೇ. ವರ್ಗವಾದ ಬ್ಯಾಂಕ್ ಮ್ಯಾನೇಜರ್, ಮಗನ ಊರಿಗೆ ಹೊರಟ ನಿವೃತ್ತ ಮಾಸ್ತರ, ಹಣ ಸಾಲದೆ ನಿಲ್ಲುವ ಅಂಗಡಿಯವರು, ಇವರಿಗೆ ಬಾಕಿಯ ಚೀಟಿ ಕಳಿಸುವ ಮೊದಲು ಒಂದು ಚಹಾ, ನಾಲ್ಕು ಒಳ್ಳೆಯ ಮಾತು ಸಿಗಬೇಕು. ಮರ್ಯಾದೆಯಿಂದ ಹೋದವರು ಊರಲ್ಲಿ ಕ್ಲಬ್ಬಿನ ಬಗ್ಗೆ ಒಳ್ಳೆಯದಾಡುತ್ತಾರೆ. ಮುಂದೆ ಬರುವ ಹೊಸಬರು ಮೊದಲು ವಿಚಾರಿಸುವುದು ಇವರನ್ನೇ.

ಓದುಗರಲ್ಲಿ ಒಂದು ಮಾತು. ನಿಮ್ಮೂರಿನ ಯಾರಾದರೂ ಬಂದು ಎರಡು ತಾಸಿನ ಕೆಲಸಕ್ಕೆ ಕರೆದರೆ ಹೋಗಿ ನೋಡಿ. ಸಹಿ ಹಾಕುವ ಮುಂಚೆ ವರ್ಷದ ಖರ್ಚೆಷ್ಟು, ಲೆಕ್ಕ ಓದುವವರು ಯಾರು, ನನ್ನ ಕೆಲಸ ಯಾವುದು ಎಂದು ನಾಚಿಕೆಯಿಲ್ಲದೆ ಕೇಳಿ. ಮೂರಕ್ಕೂ ನೇರ ಉತ್ತರ ಬಂದರೆ ಅದು ಸೇರಬಹುದಾದ ಕ್ಲಬ್ಬು. ಇನ್ನು ಈಗಾಗಲೇ ಪದಾಧಿಕಾರಿಗಳಾಗಿರುವವರು ಹಾಜರಿ ಪುಸ್ತಕ ತೆಗೆದು, ಹೋದ ಎರಡು ಸಭೆಗೆ ಬಾರದವರ ಹೆಸರು ನೋಡಿ, ಈ ವಾರವೇ ಅವರ ಅಂಗಡಿಗೆ ಹೋಗಿ ಬನ್ನಿ.